ಬೀಸಣಿಗೆ ಪಡೆದ ರಾಯಭಾರಿ

ಅಬ್ದುಲ್ ರಜಾಕ್ ನಾವೆಲ್ಲ ಹೈಸ್ಕೂಲಿನಲ್ಲಿ ಒಂದು ಮಾರ್ಕಿಗೆ ಓದಿದ ಹೆಸರು. ಅವನು ಹುಟ್ಟಿದ್ದು 1413ರಲ್ಲಿ, ಈಗಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ. ದೊರೆ ಶಾರುಖ್‌ನ ರಾಯಭಾರಿಯಾಗಿ 1442ರಲ್ಲಿ ಹೊರಟು, ಮಸ್ಕತ್, ಕಲ್ಲಿಕೋಟೆ ದಾಟಿ 1443ರ ಏಪ್ರಿಲ್ ಕೊನೆಗೆ ವಿಜಯನಗರ ಮುಟ್ಟಿದ. ನಮ್ಮ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಸಿಗೋ ಹಂಪಿಯೇ ಅದು.

ಇಲ್ಲಿನ ಬೇಸಿಗೆ ಹೆಂಗಿರತೈತಿ ಅಂತ ನಮಗೆ ಗೊತ್ತೇ ಇದೆ. ಮೇಲಿಂದ ಮೇಲೆ ನಿಲುವಂಗಿ ತೊಟ್ಟು ಆಸ್ಥಾನಕ್ಕೆ ಹೋದವನು ಬೆವತು ತೊಯ್ದು ಹೋದ. ನೋಡಿದ ಇಮ್ಮಡಿ ದೇವರಾಯ ತನ್ನ ಕೈಲಿದ್ದ ಬೀಸಣಿಗೆಯನ್ನೇ ಕೊಟ್ಟ.

ದಿನಾ 2 ಕುರಿ, 8 ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ 2 ವರಹ ಬಿಡಾರಕ್ಕೇ ಬರುತ್ತಿತ್ತು. ವಾರಕ್ಕೆರಡು ಸಲ ಅರಸನ ಭೇಟಿ, ಮಾತೆಲ್ಲ ದುಭಾಷಿಯ ಮೂಲಕ. ಎಲೆ ಅಡಿಕೆ ಅವನಿಗೆ ಬಹಳ ಹಿಡಿಸಿತು.

ಆಮೇಲೆ ಹೋರ್ಮುಜಿನ ಕೆಲವರು ಇವನು ಅಸಲಿ ರಾಯಭಾರಿಯೇ ಅಲ್ಲ ಅಂತ ಸುದ್ದಿ ಹಬ್ಬಿಸಿದರು. ದಿನದ ರೇಷನ್ನೂ ನಿಂತಿತು. ಪರದೇಶದಲ್ಲಿ ತಾನು ಯಾರು ಅಂತ ಸಾಬೀತು ಮಾಡೋದು ಹೇಗೆ? ಆದರೂ ಓಡಿ ಹೋಗಲಿಲ್ಲ. ಮಹಾನವಮಿ ನೋಡಿ, ಡಿಸೆಂಬರಿನಲ್ಲಿ ಹೊರಟು ಹೆರಾತಿಗೆ ಮರಳಿದ. 1482ರಲ್ಲಿ ತೀರಿಕೊಂಡ.

ನಮಗೆ ದೊಡ್ಡದು ಅನಿಸೋದು ಇದು: ಪರ್ಷಿಯನ್‌ನಲ್ಲಿ ತನ್ನ ಇತಿಹಾಸ ಬರೆದಾಗ ಅವಮಾನವನ್ನೂ ಬರೆದ, ಆದರೆ ಊರಿನ ಮೇಲೆ ಸಿಟ್ಟು ತೀರಿಸಿಕೊಳ್ಳಲಿಲ್ಲ. ಏಳು ಸುತ್ತಿನ ಕೋಟೆ, ಬಜಾರು, ಹೂವಿನ ಅಂಗಡಿ ಎಲ್ಲವನ್ನೂ ಮನಸಾರೆ ಹೊಗಳಿದ. ನಾಳೆ ಇಂಟರ್ನ್‌ಶಿಪ್‌ಗೆ ಹೋದ ಊರಲ್ಲಿ ಭಾಷೆ, ಊಟ ಎರಡೂ ಕೈಕೊಟ್ಟರೆ ಇವನನ್ನ ನೆನೆಸಿಕೊಳ್ಳೋಣ.