ಹೆಲ್ಮೆಟ್ ತೊಟ್ಟು ಕೂತ ಈ ವ್ಯಕ್ತಿ ನಿದ್ದೆ ಮಾಡುತ್ತಿಲ್ಲ! ಹ್ಯೂಗೋ ಗರ್ನ್ಸ್‌ಬ್ಯಾಕ್ ಯಾರು ಗೊತ್ತಾ?

ಈ ಫೋಟೊ ನಿಮ್ಮ ವಾಟ್ಸಾಪ್‌ಗೂ ಒಮ್ಮೆಯಾದರೂ ಬಂದಿರಬಹುದು. ಕಪ್ಪುಬಿಳುಪಿನ ಹಳೇ ಚಿತ್ರ. ಮೇಜಿನ ಮುಂದೆ ಒಬ್ಬ ಕೂತಿದ್ದಾನೆ. ಇಡೀ ತಲೆಯನ್ನು ನುಂಗಿದಂಥ ದಪ್ಪ ಹೆಲ್ಮೆಟ್. ಕಣ್ಣಿನ ಜಾಗದಲ್ಲಿ ಎರಡು ದುಂಡನೆಯ ಕಿಂಡಿ. ಬಾಯಿಯ ಹತ್ತಿರದಿಂದ ಹೊರಟ ಒಂದು ಪೈಪು, ಅದರ ಇನ್ನೊಂದು ತುದಿಗೆ ಸಿಲಿಂಡರ್.

ರಾಯಚೂರು ರೈಲು ನಿಲ್ದಾಣದಲ್ಲಿ ನಡುರಾತ್ರಿ ಗಾಡಿಗೆ ಕಾದು ಕೂತವರಿಗೆ, ಮಾನ್ವಿ ಅಥವಾ ದೇವದುರ್ಗದ ಬಸ್ ನಿಲ್ದಾಣದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಳೆದವರಿಗೆ ಈ ಫೋಟೊ ನೋಡಿದರೆ ಮೊದಲು ಅನ್ನಿಸುವುದು ಒಂದೇ: ಇಂಥದ್ದೊಂದು ನಮ್ಮ ಹತ್ತಿರ ಇದ್ದಿದ್ದರೆ! ಬೆಳಕು ಬೀಳುವುದಿಲ್ಲ, ಗದ್ದಲ ಕೇಳುವುದಿಲ್ಲ. ಬಾಯಿ ತೆರೆದು ಗೊರಕೆ ಹೊಡೆದರೂ ಮುಖ ಯಾರಿಗೂ ಕಾಣುವುದಿಲ್ಲ. ಜನರ ನಡುವೆಯೇ ಒಂದು ಖಾಸಗಿ ಕೋಣೆ.

ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಹಾಗಾಗಿ ಗಾಡಿ ಕಾಯುತ್ತ ತೂಕಡಿಸುವುದರಲ್ಲಿ ಈ ಊರಿಗೆ ಒಂದೂವರೆ ಶತಮಾನದ ಅನುಭವ ಇದೆ ಅನ್ನಬಹುದು!

ಆದರೆ ಫೋಟೊದಲ್ಲಿರುವ ಹೆಲ್ಮೆಟ್ ನಿದ್ದೆಗಾಗಿ ಮಾಡಿದ್ದಲ್ಲ. ನಿದ್ದೆಗೂ ಅದಕ್ಕೂ ಸಂಬಂಧ ಖಂಡಿತ ಇದೆ, ಆದರೆ ಬೇರೆ ರೀತಿಯದು. ಅದನ್ನು ತಿಳಿಯಲು ಹೆಲ್ಮೆಟ್‌ನೊಳಗಿನ ವ್ಯಕ್ತಿಯ ಕಥೆ ಗೊತ್ತಿರಬೇಕು.

ಬ್ಯಾಟರಿ ಹಿಡಿದು ಹಡಗು ಹತ್ತಿದ ಹುಡುಗ

ಹ್ಯೂಗೋ ಗರ್ನ್ಸ್‌ಬ್ಯಾಕ್ ಹುಟ್ಟಿದ್ದು 1884ರ ಆಗಸ್ಟ್ 16ರಂದು, ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್‌ನಲ್ಲಿ. ಮನೆತನದ ಹೆಸರು ಗರ್ನ್ಸ್‌ಬಾಕರ್. ತಂದೆ ದ್ರಾಕ್ಷಾರಸದ ಸಗಟು ವ್ಯಾಪಾರಿ. ಹುಡುಗನಿಗೆ ಚಿಕ್ಕಂದಿನಿಂದಲೇ ಕರೆಂಟಿನ ಹುಚ್ಚು. ಬ್ಯಾಟರಿ, ತಂತಿ, ಕರೆಗಂಟೆ ಸಿಕ್ಕರೆ ಊಟ ಮರೆಯುವ ಪೈಕಿ. ಜರ್ಮನಿಯ ಬಿಂಗೆನ್ ಊರಿನ ತಾಂತ್ರಿಕ ಶಾಲೆಯಲ್ಲಿ ಓದಿದರು. ಹೊಸ ಬಗೆಯ ಬ್ಯಾಟರಿಯೊಂದನ್ನು ರೂಪಿಸಿದರು. ಯುರೋಪಿನಲ್ಲಿ ಅದಕ್ಕೆ ಪೇಟೆಂಟ್ ಸಿಗಲಿಲ್ಲ. 1904ರಲ್ಲಿ ಅದೇ ಬ್ಯಾಟರಿಯನ್ನು ನಂಬಿಕೊಂಡು ಅಮೆರಿಕದ ಹಡಗು ಹತ್ತಿದರು. ಆಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಬ್ಯಾಟರಿ ಅವರನ್ನು ಶ್ರೀಮಂತರನ್ನಾಗಿ ಮಾಡಲಿಲ್ಲ. ಆದರೆ ನ್ಯೂಯಾರ್ಕ್‌ನಲ್ಲಿ ವಿದ್ಯುತ್ ಬಿಡಿಭಾಗಗಳನ್ನು ತರಿಸಿ ಅಂಚೆಯಲ್ಲಿ ಮಾರುವ ಅಂಗಡಿ ಶುರು ಮಾಡಿದರು. ಅಲ್ಲಿಂದ ಹೊರಬಂದದ್ದು ಟೆಲಿಮ್ಕೊ ಎಂಬ ತಂತಿಯಿಲ್ಲದ ಯಂತ್ರ. 1906ರ ಜನವರಿಯಲ್ಲಿ ಅದರ ಜಾಹೀರಾತು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬಂತು. ಮನೆಮಂದಿ ಕೊಂಡುಕೊಳ್ಳಬಹುದಾದ ಮೊದಮೊದಲ ರೇಡಿಯೊ ಸೆಟ್‌ಗಳಲ್ಲಿ ಇದೂ ಒಂದು. ಇಷ್ಟು ಕಡಿಮೆ ದುಡ್ಡಿಗೆ ಇಂಥ ಯಂತ್ರ ಸಾಧ್ಯವೇ ಇಲ್ಲ, ಇದು ಮೋಸ ಎಂದು ಯಾರೋ ದೂರು ಕೊಟ್ಟು ಪೊಲೀಸರು ಬಂದರಂತೆ, ಗರ್ನ್ಸ್‌ಬ್ಯಾಕ್ ಅವರ ಮುಂದೆಯೇ ಯಂತ್ರ ನಡೆಸಿ ತೋರಿಸಿದರಂತೆ.

ನಿದ್ದೆಯಲ್ಲಿ ಪಾಠ: ಈ ನಂಬಿಕೆ ಎಲ್ಲಿಂದ ಬಂತು?

1908ರಲ್ಲಿ ಮಾಡರ್ನ್ ಎಲೆಕ್ಟ್ರಿಕ್ಸ್ ಎಂಬ ಪತ್ರಿಕೆ ಶುರು ಮಾಡಿದರು. 1911ರಲ್ಲಿ ಅದರಲ್ಲಿ ತಾವೇ ಒಂದು ಧಾರಾವಾಹಿ ಬರೆಯತೊಡಗಿದರು. ಕಥೆ ನಡೆಯುವುದು 2660ರಲ್ಲಿ. ಕಥೆಯಾಗಿ ಅದು ಸಪ್ಪೆ, ಮುಚ್ಚಿಡುವುದೇನೂ ಇಲ್ಲ. ಆದರೆ ಪುಟಪುಟಕ್ಕೂ ಹೊಸ ಯಂತ್ರ. ಅದರಲ್ಲೊಂದು ಹಿಪ್ನೊಬಯೊಸ್ಕೋಪ್. ಮಲಗುವಾಗ ಹಣೆಗೆ ಕಟ್ಟಿಕೊಳ್ಳುವ ಪಟ್ಟಿ. ಅದು ರಾತ್ರಿಯಿಡೀ ಸುದ್ದಿ, ಪುಸ್ತಕ, ಪಾಠಗಳನ್ನು ನಿದ್ದೆ ಹೋದವನ ಮಿದುಳಿಗೆ ಇಳಿಸುತ್ತದೆ. ಬೆಳಗ್ಗೆ ಎದ್ದರೆ ಎಲ್ಲ ನೆನಪಿರುತ್ತದೆ.

ಮುಂದೆ ಈ ಆಸೆ ಕಥೆಯ ಹೊರಗೂ ಹರಡಿತು. ನಿದ್ದೆಯಲ್ಲಿ ಪಾಠ ಕಲಿಸುತ್ತೇವೆಂದು ಯಂತ್ರಗಳನ್ನು ಮಾರಿದವರಿದ್ದಾರೆ. ಇವತ್ತು ಅದೇ ಆಸೆ ನಿಮ್ಮ ಮೊಬೈಲಿಗೆ ಬೇರೆ ವೇಷದಲ್ಲಿ ಬರುತ್ತದೆ: ಇಯರ್‌ಫೋನ್ ಹಾಕಿಕೊಂಡು ಮಲಗಿ, ಇಂಗ್ಲಿಷ್ ತಾನಾಗಿಯೇ ಬರುತ್ತದೆ, ಸಾಮಾನ್ಯ ಜ್ಞಾನ ತಲೆಗೆ ಹತ್ತುತ್ತದೆ. ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೋ ಕೆಎಎಸ್‌ಗೋ ಓದುತ್ತ ರಾತ್ರಿ ನಿದ್ದೆಗೆಟ್ಟು, ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಕಿವಿಗೆ ಪಾಠ ಸಿಕ್ಕಿಸಿಕೊಂಡು ತೂಕಡಿಸುವ ಹುಡುಗ ಹುಡುಗಿಯರು ಇದನ್ನು ನಂಬಿದರೆ ತಪ್ಪು ಅವರದಲ್ಲ, ಫಾರ್ವರ್ಡ್ ಮಾಡಿದವರದು.

ನಿಜ ಏನು? 1956ರಲ್ಲಿ ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮನ್ಸ್ ಎಂಬ ಅಮೆರಿಕದ ಸಂಶೋಧಕರು ಮಲಗಿದವರ ಮಿದುಳಿನ ಅಲೆಗಳನ್ನು ದಾಖಲಿಸುತ್ತ, ನಿಜವಾಗಿ ನಿದ್ದೆ ಬಂದಿದೆ ಎಂದು ಖಚಿತವಾದ ಹೊತ್ತಿನಲ್ಲೂ ಪ್ರಶ್ನೆ ಉತ್ತರಗಳನ್ನು ಕೇಳಿಸಿದರು. ಆ ಹೊತ್ತಿನಲ್ಲಿ ಕೇಳಿಸಿದ್ದು ಬೆಳಗ್ಗೆ ಅವರಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಎಚ್ಚರವಿದ್ದಾಗ ಅಥವಾ ಅರೆಎಚ್ಚರದಲ್ಲಿ ಕಿವಿಗೆ ಬಿದ್ದದ್ದು. ಹಗಲು ಓದಿದ್ದನ್ನು ಗಟ್ಟಿ ಮಾಡುವ ಕೆಲಸವನ್ನು ಮಾತ್ರ ನಿದ್ದೆ ನಿಜಕ್ಕೂ ಮಾಡುತ್ತದೆ. 2009ರ ಒಂದು ಪ್ರಯೋಗದಲ್ಲಿ, ಎಚ್ಚರವಿದ್ದಾಗ ಕಲಿತ ವಿಷಯಕ್ಕೆ ಜೋಡಿಸಿದ್ದ ಸದ್ದನ್ನು ನಿದ್ದೆಯಲ್ಲಿ ಮೆಲ್ಲಗೆ ಕೇಳಿಸಿದಾಗ ಆ ನೆನಪು ಸ್ವಲ್ಪ ಗಟ್ಟಿಯಾದದ್ದು ಕಂಡುಬಂತು. ಅಂದರೆ ಓದಿದ್ದು ಉಳಿಯಬಹುದು, ಓದದೇ ಇದ್ದದ್ದು ಒಳಗೆ ಇಳಿಯುವುದಿಲ್ಲ. ಹಾಗಾಗಿ ಬಸ್ಸಿನಲ್ಲಿ ತೂಕಡಿಕೆ ಬಂದರೆ ಇಯರ್‌ಫೋನ್ ತೆಗೆದು ಸುಮ್ಮನೆ ಮಲಗುವುದೇ ಪರೀಕ್ಷೆಗೆ ಹೆಚ್ಚು ಒಳ್ಳೆಯದು.

ಎಚ್ಚರವಾಗಿರಲು ಮಾಡಿದ ಹೆಲ್ಮೆಟ್

ಈಗ ಆ ಫೋಟೊಗೆ ಬರೋಣ. 1920ರ ಹೊತ್ತಿಗೆ ಗರ್ನ್ಸ್‌ಬ್ಯಾಕ್ ಹಲವು ಪತ್ರಿಕೆಗಳ ಒಡೆಯ. ಫೋನು, ಬೀದಿಯ ಸದ್ದು, ಬಂದುಹೋಗುವ ಜನ, ಇವುಗಳ ನಡುವೆ ಕೂತು ಬರೆಯುವುದು ಕಷ್ಟವಾಯಿತು. ನಮಗೆ ಇವತ್ತು ನೋಟಿಫಿಕೇಶನ್ ಕೊಡುವ ಕಾಟವನ್ನೇ ಅವರಿಗೆ ಆಗ ಕಿಟಕಿ ಮತ್ತು ಬಾಗಿಲು ಕೊಡುತ್ತಿದ್ದವು. ಅದಕ್ಕೆ ಅವರು ಮಾಡಿಕೊಂಡ ಮದ್ದೇ ಐಸೊಲೇಟರ್. 1925ರ ಜುಲೈ ತಿಂಗಳ ಸೈನ್ಸ್ ಅಂಡ್ ಇನ್ವೆನ್ಶನ್ ಸಂಚಿಕೆಯಲ್ಲಿ ಅದರ ಬಗ್ಗೆ ಬರೆದರು. ಪತ್ರಿಕೆ ಅವರದೇ, ಫೋಟೊದಲ್ಲಿರುವವರೂ ಅವರೇ.

ಮೊದಲ ಹೆಲ್ಮೆಟ್ ಮರದ್ದು. ಬೂಚಿನ ಪದರ, ಮೇಲೆ ಉಣ್ಣೆಯ ಫೆಲ್ಟ್ ಬಟ್ಟೆ. ಬಾಯಿಯ ಮುಂದೆ ಉಸಿರಿಗೆ ದಾರಿ ಬಿಟ್ಟು ಸದ್ದನ್ನು ತಡೆಯುವ ಅಡ್ಡಗಟ್ಟು. ಇದು ಗದ್ದಲವನ್ನು ಶೇ. 75ರಷ್ಟು ತಡೆಯುತ್ತದೆ ಎಂದು ಅವರು ಹೇಳಿಕೊಂಡರು. ಸಾಲದೆಂದು ನಡುವೆ ಗಾಳಿಯ ಪದರ ಬಿಟ್ಟು ಇನ್ನೊಂದು ಮಾಡಿಸಿದರು, ಅದಕ್ಕೆ ಶೇ. 90ರಿಂದ 95 ಅಂದರು. ಕಿಂಡಿಯ ಗಾಜಿಗೆ ಕಪ್ಪು ಬಳಿದು ಸಣ್ಣ ಗೀರಿನಷ್ಟು ಜಾಗ ಬಿಟ್ಟಿದ್ದರು. ಅದರಿಂದ ಮುಂದಿರುವ ಹಾಳೆಯ ಒಂದು ಸಾಲು ಮಾತ್ರ ಕಾಣಬೇಕು, ಅಕ್ಕಪಕ್ಕ ಏನೂ ಕಾಣಬಾರದು.

ಎಲ್ಲ ಸರಿಹೋಯಿತು. ಆದರೆ ಹೆಲ್ಮೆಟ್ ತೊಟ್ಟು ಹದಿನೈದು ನಿಮಿಷ ಆಗುವಷ್ಟರಲ್ಲಿ ಕಣ್ಣು ಎಳೆಯತೊಡಗಿತು! ಗಮನ ಇಟ್ಟು ಕೆಲಸ ಮಾಡಲು ಕಟ್ಟಿದ ಯಂತ್ರ ಜನರನ್ನು ತೂಕಡಿಸುವಂತೆ ಮಾಡುತ್ತಿತ್ತು. ಆ ಪೈಪು, ಸಿಲಿಂಡರ್ ಬಂದದ್ದು ಇದಕ್ಕೇ. ಆಮ್ಲಜನಕ ಬಿಟ್ಟು ಒಳಗಿದ್ದವರನ್ನು ಎಚ್ಚರವಾಗಿಡಲು.

ಯಾಕೆ ಹೀಗಾಯಿತು? ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04ರಷ್ಟು. ಬಿಡುವ ಉಸಿರಿನಲ್ಲಿ ಸುಮಾರು ಶೇ. 4, ಅಂದರೆ ನೂರು ಪಟ್ಟು. ದಪ್ಪ ಹೆಲ್ಮೆಟ್‌ನೊಳಗೆ ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಂಡರೆ ಅದರ ಪ್ರಮಾಣ ಏರುತ್ತದೆ. ತಲೆ ಭಾರ, ತಲೆನೋವು, ಮಂಪರು ಬರುತ್ತವೆ. ಜೊತೆಗೆ ಕತ್ತಲೆ, ಬಿಸುಪು, ಮೌನ. ಇಷ್ಟು ಸೇರಿದರೆ ಯಾರಿಗೆ ನಿದ್ದೆ ಬರುವುದಿಲ್ಲ? ಆದರೆ ಕೆಟ್ಟ ಗಾಳಿಯಿಂದ ಬರುವ ಮಂಪರು ಒಳ್ಳೆಯ ನಿದ್ದೆಯಲ್ಲ. ಗಾಳಿ ಇನ್ನೂ ಕೆಟ್ಟರೆ ಅದು ಪ್ರಾಣಕ್ಕೇ ಅಪಾಯ.

ಹಾಗಿದ್ದರೆ ಮುಖಕ್ಕೆ ಟವೆಲ್ ಹೊದ್ದು ಮಲಗುವ ನಮ್ಮವರ ಗತಿ ಏನು? ಗಾಬರಿ ಬೇಡ. ಹತ್ತಿಯ ತೆಳು ಬಟ್ಟೆಯ ಎಳೆಗಳ ನಡುವೆ ಗಾಳಿ ಸಲೀಸಾಗಿ ಆಡುತ್ತದೆ. ಆರೋಗ್ಯವಂತ ದೊಡ್ಡವರಿಗೆ ಅದರಿಂದ ತೊಂದರೆ ಇಲ್ಲ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಹೊಲದ ಬದುವಿನಲ್ಲಿ ಕೂತಲ್ಲೇ ಕಣ್ಣು ಮುಚ್ಚುವ ಕುರಿಗಾಹಿಯೂ ಮುಖದ ಮುಂಭಾಗ ತೆರೆದೇ ಇಟ್ಟಿರುತ್ತಾನೆ. ಬಿಸಿಲು, ಮಳೆ, ಚಳಿ ಮೂರಕ್ಕೂ ಅದೇ ಕೊಪ್ಪೆ, ಮಡಚಿದರೆ ತಲೆದಿಂಬು. ಇಷ್ಟು ಕೆಲಸಕ್ಕೆ ಬರುವ ಉಡುಪನ್ನು ಗರ್ನ್ಸ್‌ಬ್ಯಾಕ್ ನೋಡಿದ್ದರೆ ಪತ್ರಿಕೆಯಲ್ಲಿ ನಾಲ್ಕು ಪುಟ ಕೊಡುತ್ತಿದ್ದರು ಎಂದು ನನ್ನ ಅಂದಾಜು. ಪ್ಲಾಸ್ಟಿಕ್ ಹಾಳೆ, ರೆಕ್ಸಿನ್, ಗಾಜು ಮುಚ್ಚಿದ ಬೈಕ್ ಹೆಲ್ಮೆಟ್, ಇವನ್ನು ಹಾಕಿಕೊಂಡು ಮಾತ್ರ ಮಲಗಬೇಡಿ. ಒಂದು ವರ್ಷದೊಳಗಿನ ಮಗುವಿನ ಮುಖಕ್ಕೆ ತೆಳು ಬಟ್ಟೆಯನ್ನೂ ಹೊದಿಸಬಾರದು.

ಈಗ ಸಾರ್ವಜನಿಕ ಜಾಗದಲ್ಲಿ ನಿದ್ದೆ ಮಾಡಲೆಂದೇ ತಲೆಗೆ ತೊಡುವ ದಿಂಬು, ಕಣ್ಣುಪಟ್ಟಿ, ಟೊಪ್ಪಿಗೆ ಇರುವ ಕುತ್ತಿಗೆ ದಿಂಬು ಆನ್‌ಲೈನಿನಲ್ಲಿ ಸಿಗುತ್ತವೆ. ಕೊಳ್ಳುವವರು ಅಥವಾ ಮನೆಯಲ್ಲೇ ಹೊಲಿಯುವವರು ಐಸೊಲೇಟರ್‌ನ ಸೋಲನ್ನು ನೆನಪಿಟ್ಟರೆ ಸಾಕು. ಕಣ್ಣು ಮುಚ್ಚಿರಲಿ, ಮೂಗು ಬಾಯಿ ತೆರೆದಿರಲಿ. ಕುತ್ತಿಗೆ ಪಕ್ಕಕ್ಕೆ ವಾಲದಂತೆ ಆಸರೆ ಇರಲಿ. ರಾಯಚೂರಿನಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದರಿಂದ ಸ್ಪಂಜು ತುಂಬಿದ್ದು ಬೇಡ, ಹತ್ತಿಯೇ ಸರಿ. ಕಿವಿಯನ್ನು ಪೂರ್ತಿ ಮುಚ್ಚಿದರೆ ಗಾಡಿಯ ಘೋಷಣೆ ತಪ್ಪುತ್ತದೆ, ಮೊಬೈಲನ್ನು ವೈಬ್ರೇಟ್‌ಗೆ ಇಟ್ಟು ಇಪ್ಪತ್ತು ನಿಮಿಷದ ಅಲಾರಂ ಕೊಡಿ. ನಾಸಾ ಸಂಶೋಧಕರು ದೂರ ಪ್ರಯಾಣದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟು ನೋಡಿದಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ಎದ್ದ ಮೇಲೆ ಹೆಚ್ಚು ಚುರುಕಾಗಿದ್ದರು. ಹೆಚ್ಚು ಹೊತ್ತು ಮಲಗಿ ಗಾಢ ನಿದ್ದೆಯ ನಡುವೆ ಎದ್ದರೆ ಮಂಪರು ಬಹಳ ಹೊತ್ತು ಬಿಡುವುದಿಲ್ಲ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಂಥ ಕಡೆ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಡುವವರಿಗೆ ಈ ಇಪ್ಪತ್ತು ನಿಮಿಷ ಜೀವ ಉಳಿಸಬಲ್ಲದು. ರಾತ್ರಿ ಪೂರ್ತಿ ಮಲಗಿಯೂ ದಿನವಿಡೀ ಕೂತಲ್ಲೆಲ್ಲ ನಿದ್ದೆ ಹತ್ತಿದರೆ, ಜೊತೆಗೆ ಜೋರು ಗೊರಕೆ ಇದ್ದರೆ, ಅದಕ್ಕೆ ದಿಂಬು ಮದ್ದಲ್ಲ. ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಗಂಡಸರು ಕಾಲು ಚಾಚಿ ಮಲಗುತ್ತಾರೆ. ಹೆಂಗಸರು ಸೆರಗಿನ ಮರೆಯಲ್ಲಿ ಬ್ಯಾಗು ತಬ್ಬಿಕೊಂಡು ಕೂತೇ ಕಣ್ಣು ಮುಚ್ಚುತ್ತಾರೆ. ಮಲಗಿದವರ ಬಾಯಿ ತೆರೆದ ಮುಖದ ವಿಡಿಯೊ ಮಾಡಿ ಗ್ರೂಪಿಗೆ ಹಾಕಿ ನಗುವವರಿಂದಾಗಿಯೇ ಅವರಿಗೆ ಈ ಮರೆ ಇನ್ನಷ್ಟು ಬೇಕಾಗಿದೆ. ಅಂಥ ವಿಡಿಯೊ ಬಂದರೆ ಮುಂದೆ ಕಳಿಸಬೇಡಿ.

ಹೆಲ್ಮೆಟ್ ಆದಮೇಲೆ

ಐಸೊಲೇಟರ್ ಮಾರುಕಟ್ಟೆಯಲ್ಲಿ ಹೆಸರು ಮಾಡಲಿಲ್ಲ. ಗರ್ನ್ಸ್‌ಬ್ಯಾಕ್ ಅದಕ್ಕಾಗಿ ಕೊರಗುತ್ತ ಕೂರಲೂ ಇಲ್ಲ. ಹಲ್ಲಿನ ನಡುವೆ ಕಚ್ಚಿ ಹಿಡಿದರೆ ಮೂಳೆಯ ಮೂಲಕ ಸದ್ದು ಕೇಳಿಸುವ ಸಾಧನಕ್ಕೆ 1924ರಲ್ಲೇ ಪೇಟೆಂಟ್ ಪಡೆದಿದ್ದರು. ಇವತ್ತಿನ ಬೋನ್ ಕಂಡಕ್ಷನ್ ಹೆಡ್‌ಫೋನ್ ಕೆಲಸ ಮಾಡುವುದೂ ಮೂಳೆಯ ಮೂಲಕವೇ. 1925ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ವಂತ ರೇಡಿಯೊ ಕೇಂದ್ರ ತೆರೆದು, 1928ರಲ್ಲಿ ಅದರಿಂದಲೇ ಅಂಚೆಚೀಟಿಯಷ್ಟು ದೊಡ್ಡ ಟಿವಿ ಚಿತ್ರಗಳನ್ನು ಪ್ರಸಾರ ಮಾಡಿದರು. 1926ರ ಏಪ್ರಿಲ್‌ನಲ್ಲಿ ಶುರುವಾದ ಅವರ ಅಮೇಜಿಂಗ್ ಸ್ಟೋರೀಸ್, ಬರೀ ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆ.

ಅವರು ರಾಡಾರ್ ಕಂಡುಹಿಡಿದರು ಎಂದು ಕೆಲವು ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಅಲೆ ಕಳಿಸಿ, ಅದು ಬಡಿದು ಮರಳುವುದರಿಂದ ದೂರದ ವಸ್ತುವನ್ನು ಪತ್ತೆಹಚ್ಚುವ ಉಪಾಯವನ್ನು 1911ರ ಕಥೆಯಲ್ಲಿ ವಿವರಿಸಿದ್ದರು, ಅಷ್ಟೇ. ಬರೆಯುವುದು ಬೇರೆ, ಕಟ್ಟುವುದು ಬೇರೆ. ಆದರೂ ಸುಮಾರು 80 ಪೇಟೆಂಟ್‌ಗಳು ಅವರ ಹೆಸರಿನಲ್ಲಿದ್ದವು.

ಲೇಖಕರಿಗೆ ದುಡ್ಡು ಕೊಡುವುದರಲ್ಲಿ ಮಾತ್ರ ಕೈ ಬಿಗಿ. ಕಡಿಮೆ ಕೊಡುತ್ತಿದ್ದರು, ತಡವಾಗಿ ಕೊಡುತ್ತಿದ್ದರು, ಕೋರ್ಟಿಗೆ ಹೋಗಿ ವಸೂಲಿ ಮಾಡಿದವರೂ ಇದ್ದರು. 1929ರಲ್ಲಿ ಕಂಪನಿ ದಿವಾಳಿಯಾಗಿ ಅಮೇಜಿಂಗ್ ಸ್ಟೋರೀಸ್ ಕೈತಪ್ಪಿತು. ಅದೇ ವರ್ಷ ಬೇರೆ ಪತ್ರಿಕೆಗಳನ್ನು ಶುರು ಮಾಡಿದರು. ವಿಜ್ಞಾನ ಕಥೆಗಳಿಗೆ 1953ರಿಂದ ಕೊಡುತ್ತಿರುವ ಹ್ಯೂಗೋ ಪ್ರಶಸ್ತಿ ಅವರದೇ ಹೆಸರಿನದು.

1963ರಲ್ಲಿ, 78ನೇ ವಯಸ್ಸಿನಲ್ಲಿ, ಲೈಫ್ ಪತ್ರಿಕೆಯಲ್ಲಿ ಅವರ ಇನ್ನೊಂದು ಫೋಟೊ ಬಂತು. ಕಣ್ಣಿಗೆ ಕನ್ನಡಕದಂತೆ ಪುಟ್ಟ ಟಿವಿ, ಅದರ ಮೇಲೆ ಎರಡು ಕೊಂಬಿನ ಆಂಟೆನಾ. ಈ ಫೋಟೊವೂ ಮೊಬೈಲುಗಳಲ್ಲಿ ಓಡಾಡುತ್ತದೆ. 1967ರ ಆಗಸ್ಟ್ 19ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ದೇಹವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಬಿಟ್ಟುಕೊಟ್ಟಿದ್ದರು.

ಮುಂದಿನ ಸಲ ಹೆಲ್ಮೆಟ್‌ನ ಫೋಟೊ ನಿಮ್ಮ ಗ್ರೂಪಿಗೆ ಬಂದರೆ ದೊಡ್ಡದು ಮಾಡಿ ಕೈಯನ್ನು ನೋಡಿ. ಅವರು ಬರೆಯುತ್ತಿದ್ದಾರೆ.