ಪ್ರಶ್ನಿಸಲು ಕಲಿತ ಸೋಫಿ ಶೋಲ್



1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಸೋಫಿ ಶೋಲ್‌ಗೆ ಹನ್ನೊಂದು ವರ್ಷ. ಸಮವಸ್ತ್ರ, ಹಾಡು, ಶಿಬಿರ, ಬಾವುಟಗಳಿಂದ ನಾಜಿಗಳು ಮಕ್ಕಳ ಮನಸ್ಸನ್ನು ಸೆಳೆಯುತ್ತಿದ್ದರು. ತಂದೆಗೆ ಇಷ್ಟವಿಲ್ಲದಿದ್ದರೂ ಸೋಫಿ, ಅಣ್ಣ ಹಾನ್ಸ್ ಇಬ್ಬರೂ ಉತ್ಸಾಹದಿಂದ ಅವರ ಯುವ ಸಂಘಟನೆಗಳನ್ನು ಸೇರಿದರು.

ಯಹೂದಿ ಗೆಳತಿಗೆ ಅಲ್ಲಿ ಜಾಗವೇಕಿಲ್ಲ ಎಂಬ ಪ್ರಶ್ನೆ ಸೋಫಿಯನ್ನು ಕಾಡಿತು. ಕ್ರಮೇಣ ಮೋಹ ಕಳಚಿತು. 1942ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯ ಸೇರಿದ ಆಕೆ, ಹಾನ್ಸ್ ಮತ್ತು ಗೆಳೆಯರ 'ವೈಟ್ ರೋಸ್' ಗುಂಪಿನೊಂದಿಗೆ ಸರ್ಕಾರದ ಸುಳ್ಳುಗಳನ್ನು ಬಯಲುಮಾಡುವ ಕರಪತ್ರಗಳನ್ನು ಹಂಚಿದಳು. 1943ರ ಫೆಬ್ರವರಿ 18ರಂದು ಅಣ್ಣ ತಂಗಿ ಸಿಕ್ಕಿಬಿದ್ದರು. 22ರಂದು ವಿಚಾರಣೆ, ಅಂದೇ ಶಿರಚ್ಛೇದ. ಸೋಫಿಗೆ ಆಗ ಇಪ್ಪತ್ತೊಂದು ವರ್ಷ.

ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನ್ ನಮಗೆ ಕಲಿಸಿದೆ. ಯಾವುದೇ ಘೋಷಣೆಗೆ ದನಿಗೂಡಿಸುವ ಮೊದಲು ಸೋಫಿಯಂತೆ ನೀವೂ ಪ್ರಶ್ನಿಸಿರಿ.