ಗುಂಡು ಹಾರಿಸದ ಹವಾಲ್ದಾರ್: ಜೈಲು ಮುಗಿದರೂ ಮುಗಿಯದ ಶಿಕ್ಷೆ

ನಿರಾಯುಧ ಜನರ ಮೇಲೆ ಗುಂಡು ಹಾರಿಸೋಕೆ ಒಪ್ಪದ ಒಬ್ಬ ಹವಾಲ್ದಾರ್ 11 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಹೊರಗೆ ಬಂದ ಮೇಲೆ ಅವರನ್ನು ಸ್ವಂತ ಊರಿಗೂ ಬಿಡಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಹಳೆ ಕೇಸು ಅವರ ಬೆನ್ನು ಬಿಡಲಿಲ್ಲ. ಅವರೇ ವೀರ ಚಂದ್ರ ಸಿಂಗ್ ಗಢ್ವಾಲಿ.

ಇವರು ಹುಟ್ಟಿದ್ದು 1891ರ ಡಿಸೆಂಬರ್ 25ರಂದು, ಈಗಿನ ಉತ್ತರಾಖಂಡದ ಪೌಡಿ ಗಢ್ವಾಲದ ಒಂದು ಹಳ್ಳಿಯಲ್ಲಿ. ಅದು ಗುಡ್ಡಗಾಡು ಪ್ರದೇಶ. ಗದ್ದೆ ಸಣ್ಣದು, ಬೆಳೆ ಕಡಿಮೆ. ಹಾಗಾಗಿ ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದದ್ದು ಮಿಲಿಟರಿಯಿಂದ ಬರುವ ಮನಿಯಾರ್ಡರ್‌ನಿಂದ. 1914ರಲ್ಲಿ ಚಂದ್ರ ಸಿಂಗ್ ಲ್ಯಾನ್ಸ್‌ಡೌನ್‌ಗೆ ಹೋಗಿ ಗಢ್ವಾಲ್ ರೈಫಲ್ಸ್ ಸೇರಿದರು. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಫ್ರಾನ್ಸ್‌ನಲ್ಲೂ ಮೆಸಪೊಟೇಮಿಯಾದಲ್ಲೂ ಬ್ರಿಟಿಷರ ಪರವಾಗಿ ಹೋರಾಡಿದರು.

ಪೇಶಾವರದ ಪೇಟೆಯಲ್ಲಿ

1930ರ ಹೊತ್ತಿಗೆ ಅವರು ಹವಾಲ್ದಾರ್ ಮೇಜರ್. ಅವರ ಪಲ್ಟನ್ ಆಗ ಪೇಶಾವರದಲ್ಲಿತ್ತು. ಅಲ್ಲಿನ ಕಿಸ್ಸಾ ಖ್ವಾನಿ ಬಜಾರ್ ಅಂದ್ರೆ ಕಥೆ ಹೇಳುವವರ ಪೇಟೆ. ದೂರದಿಂದ ಬಂದ ವ್ಯಾಪಾರಿಗಳು ಚಹಾ ಕುಡಿಯುತ್ತಾ ಕಥೆ ಕೇಳುತ್ತಿದ್ದ ಜಾಗ ಅದು. ಏಪ್ರಿಲ್ 23ರಂದು ಖಾನ್ ಅಬ್ದುಲ್ ಗಫಾರ್ ಖಾನ್ ಅವರ ಬಂಧನ ಖಂಡಿಸಿ ಜನ ಆ ಬೀದಿಯಲ್ಲಿ ಸೇರಿದರು. ಸೈನ್ಯ ಬಂತು, ಗುಂಡು ಹಾರಿತು, ಬಹಳ ಜನ ಸತ್ತರು.

ಆದರೆ ಗಢ್ವಾಲಿಗಳ ಬಂದೂಕು ಮಾತ್ರ ಕೆಳಗಿಳಿಯಿತು. ನಿರಾಯುಧ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂತ ಚಂದ್ರ ಸಿಂಗ್ ಮತ್ತು ಅವರ ಜೊತೆಗಾರರು ತೀರ್ಮಾನಿಸಿದ್ದರು. ಈ ಸಿಪಾಯಿಗಳು ಹಿಂದೂಗಳು, ಎದುರಿಗೆ ನಿಂತವರು ಹೆಚ್ಚಿನವರು ಪಠಾಣ ಮುಸ್ಲಿಮರು. ಹಾಗಾಗಿ ಈ ನಿರಾಕರಣೆ ಬ್ರಿಟಿಷ್ ಅಧಿಕಾರಿಗಳನ್ನು ಇನ್ನಷ್ಟು ಗಾಬರಿ ಮಾಡಿತು.

ಪಲ್ಟನ್‌ನ ಆಯುಧ ಕಿತ್ತುಕೊಂಡು ಅಬೋಟಾಬಾದ್‌ಗೆ ಸಾಗಿಸಿದರು. ಅಲ್ಲಿ ಕೋರ್ಟ್ ಮಾರ್ಷಲ್ ನಡೆಯಿತು. ಗಢ್ವಾಲದವರೇ ಆದ ಬ್ಯಾರಿಸ್ಟರ್ ಮುಕುಂದಿ ಲಾಲ್ ಸಿಪಾಯಿಗಳ ಪರ ವಾದಿಸಿದರು. ನೇಣು ತಪ್ಪಿತು, ಆದರೆ ಚಂದ್ರ ಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. ಜೊತೆಗಾರರಿಗೂ ವರ್ಷಗಟ್ಟಲೆ ಜೈಲು. ಕೆಲಸ ಹೋಯಿತು, ಸಮವಸ್ತ್ರ ಹೋಯಿತು, ಊರಲ್ಲಿದ್ದ ಆಸ್ತಿಯೂ ಜಪ್ತಿಯಾಯಿತು. ಗುಂಡು ಹಾರಿಸದೇ ಇದ್ದದ್ದು ಒಬ್ಬರು, ಬೀದಿಗೆ ಬಿದ್ದದ್ದು ಇಡೀ ಮನೆ.

ಎಲ್ಲರಿಗೂ ಬಿಡುಗಡೆ, ಸೈನಿಕರಿಗೆ ಇಲ್ಲ

ಒಂದು ವರ್ಷ ಕಳೆಯುವುದರೊಳಗೆ, 1931ರ ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದ ಆಯಿತು. ಹಿಂಸೆ ಮಾಡದೆ ಚಳವಳಿಯಲ್ಲಿ ಜೈಲು ಸೇರಿದ್ದ ಸತ್ಯಾಗ್ರಹಿಗಳಿಗೆ ಬಿಡುಗಡೆ ಸಿಕ್ಕಿತು. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲೂ ಇತ್ತು. ಆಜ್ಞೆ ಮೀರಿ ಶಿಕ್ಷೆಗೊಳಗಾದ ಸೈನಿಕರಿಗೆ, ಪೊಲೀಸರಿಗೆ ಈ ಕ್ಷಮೆ ಅನ್ವಯಿಸುವುದಿಲ್ಲ ಅಂತ. ಚಂದ್ರ ಸಿಂಗ್ ಒಳಗೇ ಉಳಿದರು.

ಫ್ರೆಂಚ್ ಪತ್ರಕರ್ತರೊಬ್ಬರು ಇದರ ಬಗ್ಗೆ ಕೇಳಿದಾಗ ಗಾಂಧೀಜಿ, ಆಜ್ಞೆ ಮೀರಿದ ಸೈನಿಕ ತಾನು ಮಾಡಿದ ಪ್ರಮಾಣವನ್ನು ಮುರಿದಂತೆ ಅನ್ನೋ ಅರ್ಥದಲ್ಲೇ ಉತ್ತರಿಸಿದರು. ನಾಳೆ ಸ್ವತಂತ್ರ ಸರ್ಕಾರ ಬಂದಾಗಲೂ ಇದೇ ಸೈನಿಕರು ಬೇಕಾಗುತ್ತಾರೆ, ಆಗಲೂ ಹೀಗೇ ಮಾಡಿದರೆ ಹೇಗೆ ಅನ್ನೋದು ಅವರ ಚಿಂತೆ. ಅಹಿಂಸೆಯ ಹೋರಾಟದಲ್ಲಿ ಗುಂಡು ಹಾರಿಸದವರಿಗೆ ಈ ಉತ್ತರ ಸಿಕ್ಕಿತು.

ಊರಿಗೆ ಹೋಗಲೂ ತಡೆ

ಹಲವು ಜೈಲು ತಿರುಗಿ 1941ರಲ್ಲಿ ಅವರು ಹೊರಬಂದರು. ಆದರೆ ಗಢ್ವಾಲಕ್ಕೆ ಕಾಲಿಡಬಾರದು ಅಂತ ನಿರ್ಬಂಧ. ಹೋಗೋಣ ಅಂದ್ರೆ ಮನೆಯಿಲ್ಲ, ದುಡಿಯೋಣ ಅಂದ್ರೆ ಕಲಿತ ಕಸುಬು ಸಿಪಾಯಿಗಿರಿ ಒಂದೇ. ಸ್ವಲ್ಪ ಕಾಲ ಗಾಂಧೀಜಿಯವರ ವಾರ್ಧಾ ಆಶ್ರಮದಲ್ಲಿದ್ದರು. 1942ರ ಚಳವಳಿಯಲ್ಲಿ ಮತ್ತೆ ಬಂಧನವಾಗಿ, 1945ರಲ್ಲಿ ಬಿಡುಗಡೆಯಾದರು. ಜೈಲಿನಲ್ಲಿ ಕ್ರಾಂತಿಕಾರಿಗಳ ಸಹವಾಸವಾಗಿ ಕಮ್ಯುನಿಸ್ಟ್ ಪಕ್ಷದ ಕಡೆ ವಾಲಿದ್ದರು. ಹುಟ್ಟಿದ ನೆಲಕ್ಕೆ ಮರಳಿದ್ದು 1946ರಲ್ಲಿ.

ಸ್ವಾತಂತ್ರ್ಯ ಬಂದ ಮೇಲಾದರೂ ಎಲ್ಲ ಸರಿಹೋಗಬೇಕಿತ್ತು. ಹಾಗಾಗಲಿಲ್ಲ. 1948ರಲ್ಲಿ ಜಿಲ್ಲಾ ಬೋರ್ಡ್ ಚುನಾವಣೆಗೆ ನಿಲ್ಲುವ ಹೊತ್ತಿಗೆ ಅವರನ್ನು ಮತ್ತೆ ಹಿಡಿದು ಒಳಗೆ ಹಾಕಿದರು. ಮುಂದಿಟ್ಟ ಕಾರಣ ಪೇಶಾವರದ ಅದೇ ಹಳೆ ಸಜಾ. ಬ್ರಿಟಿಷರು ಬರೆದ ತೀರ್ಪು ಸ್ವತಂತ್ರ ಭಾರತದ ಕಚೇರಿಯಲ್ಲೂ ಚಾಲ್ತಿಯಲ್ಲಿತ್ತು.

ಸೈನ್ಯದ ಶಿಕ್ಷೆಯ ಲೆಕ್ಕ ಇವತ್ತಿಗೂ ಜೈಲಿಗೆ ಮುಗಿಯುವುದಿಲ್ಲ. 1950ರ ಸೇನಾ ಕಾಯ್ದೆಯ 71ನೇ ಸೆಕ್ಷನ್‌ನಲ್ಲಿ ಸೆರೆವಾಸದ ಜೊತೆಗೆ ಕೆಲಸದಿಂದ ವಜಾ, ಹಿರಿತನ ಕಡಿತ, ಪಿಂಚಣಿಗೆ ಲೆಕ್ಕವಾಗುವ ಸೇವೆಯನ್ನೇ ಕಳೆಯುವುದು, ಇವೆಲ್ಲ ಬೇರೆ ಬೇರೆ ಶಿಕ್ಷೆಗಳಾಗಿಯೇ ಇವೆ. ಮನೆಯಲ್ಲಿ ಫೌಜಿ ಇರುವವರಿಗೆ ಇದರ ಭಾರ ಗೊತ್ತಿರುತ್ತದೆ.

ಚಂದ್ರ ಸಿಂಗ್ 1979ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ತೀರಿಕೊಂಡರು. 1994ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಆಗ ಅದನ್ನು ನೋಡೋಕೆ ಅವರಿರಲಿಲ್ಲ.